ಹುಂಜವಿಲ್ಲದ ಹಿತ್ತಿಲು

ಕೊಡ್ಲಿಪೇಟೆ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಮೋನಿಷಾ,

ಒಂದು ಮಾತನ್ನು ಬರೆಯದೆಯೇ ಈ ಕಾಗದ ಮುಗಿಸಿಬಿಡೋಣ ಅಂದುಕೊಂಡಿದ್ದೆ. ಧೈರ್ಯ ಬಂದರೆ ಕೊನೆಯಲ್ಲಿ ಬರೆಯುತ್ತೇನೆ. ತಡವಾಯಿತೆಂದು ಬೈಯಬೇಡ. ಫೋನ್ ಮಾಡಿದರೆ ಈ ಮನೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಾರೆ.

ಅಮ್ಮತ್ತಿಯಲ್ಲಿ ಕಾಫಿ ಕುಯ್ಲು ಶುರುವಾಯಿತೇ? ನೀನು ಕೊಟ್ಟ ಹೇಂಟೆಗಳು ಚೆನ್ನಾಗಿ ಮೊಟ್ಟೆ ಇಡುತ್ತಿವೆ. ಬೆಳಿಗ್ಗೆಯಾದರೆ ಅರ್ಧ ಬೀದಿ ನನ್ನ ಬುಟ್ಟಿಗಾಗಿ ಕಾಯುತ್ತಿತ್ತು. ಈಗ ಯಾರೂ ಕಾಯುವುದಿಲ್ಲ.

ನಮ್ಮದು ಮೊಟ್ಟೆ ಮುಟ್ಟದ ಮನೆ. ಅತ್ತೆ ಕಾಂತಮ್ಮನವರನ್ನು ಒಪ್ಪಿಸಲು, ಹುಂಜ ಇಲ್ಲದಿದ್ದರೆ ಮೊಟ್ಟೆಯಲ್ಲಿ ಜೀವವೇ ಇರುವುದಿಲ್ಲ, ಮಾರಿದರೆ ಪಾಪವೂ ಇಲ್ಲ ಎಂದು ಪಾಠ ಹೇಳಿದಂತೆ ವಿವರಿಸಿದ್ದೆ. "ಹಂಗಾದ್ರೆ ಹುಂಜ ಈ ಹಿತ್ಲಿಗೆ ಕಾಲಿಡಬಾರ್ದು. ಅದು ಬಂದ ದಿನ ನಿನ್ ಕೋಳಿ ಎಲ್ಲಾ ಹೊರಕ್ಕೆ," ಎಂದು ಒಪ್ಪಿದರು. ಅತ್ತೆಗೆ ಹೇಳಿದ್ದನ್ನು ಗಿರಾಕಿಗಳಿಗೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಇಂಗ್ಲಿಷ್ ಪುಸ್ತಕ ನೋಡಿ ಕೋಳಿ ಸಾಕಲು ಕಲಿತವಳು ನಾನು. ಮೊಟ್ಟೆಯೆಂದರೆ ತಿನ್ನಲಿಕ್ಕೆ ಎಂದೇ ತಿಳಿದಿದ್ದೆ. ಇಲ್ಲಿಯವರು ನಾಟಿ ಮೊಟ್ಟೆ ಕೊಂಡರೆ ಕೆಲವನ್ನು ಮರಿ ಮಾಡಿಸಲು ಎತ್ತಿಡುತ್ತಾರೆ.

ಕೆಳಗಿನ ಮನೆಯ ಚೆನ್ನಯ್ಯ ಮೊನ್ನೆ ಜಗಲಿಗೇ ಬಂದ. "ಏನ್ ಕುಸುಮಕ್ಕ, ನಮ್ ಕೋಳಿ ಮೂರು ವಾರ ಮೇವು ಬಿಟ್ಟು ಕಾವಿಗೆ ಕೂತಿತ್ತು. ಒಂದ್ ಮರೀನೂ ಇಲ್ಲ, ಬರೀ ನಾತ!" ನಾನು ಕಾರಣ ಹೇಳಿದೆ. "ಹುಂಜ ಇಲ್ದೆ ಯಾರಾದ್ರೂ ಕೋಳಿ ಸಾಕ್ತಾರಾ? ನೀವ್ ಓದಿದ್ದು ಹೆಚ್ಚಾಯ್ತು!" ಎಂದು ನಕ್ಕ. ಈಗ ಪೇಟೆಯಲ್ಲೆಲ್ಲ ನನ್ನದು ಗೊಡ್ಡು ಮೊಟ್ಟೆ. ಕೋಳಿಗಳದ್ದೇನೂ ತಪ್ಪಿಲ್ಲ ಎಂದು ಎಷ್ಟು ಜನರಿಗೆ ಹೇಳಲಿ? ಹುಂಜ ತಂದರೆ ಅತ್ತೆ ಕೋಳಿಗಳನ್ನು ಓಡಿಸುತ್ತಾರೆ, ತರದಿದ್ದರೆ ಕೊಳ್ಳುವವರಿಲ್ಲ. ನಾನೇ ಹಟ ಮಾಡುತ್ತಿದ್ದೇನೇನೋ, ಗೊತ್ತಾಗುತ್ತಿಲ್ಲ. ಆದರೂ ನಿನ್ನ ಕೆಂಪು ಹುಂಜವನ್ನು ಯಾರಿಗೂ ಕೊಡಬೇಡ. ಬಂದು ಒಯ್ಯುತ್ತೇನೆ. ಅತ್ತೆ ಏನಾದರೂ ಅನ್ನಲಿ.

ನಿನ್ನ ಮಕ್ಕಳಿಬ್ಬರ ನೆತ್ತಿಯ ಮೇಲೂ ನನ್ನ ಕೈ ಇದೆ ಎಂದುಕೋ.

ನಿನ್ನ,
ಕುಸುಮಾ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಚೆನ್ನಯ್ಯ ಮೆಟ್ಟಿಲಿಳಿಯುವಾಗ, "ಬಿಡಿ ಅಕ್ಕ, ಮನೆಯೋರು ಹೆಂಗೋ ಕೋಳೀನೂ ಹಂಗೆ," ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು. ನನ್ನ ಗಂಡ ಚಿದಾನಂದ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಪುಟ ತಿರುಗಿಸಿದರು, ಅಷ್ಟೆ. ನಮಗೆ ಮಕ್ಕಳಾಗದ ಕೊರತೆ ನನ್ನಲ್ಲಿಲ್ಲ, ಅವರಲ್ಲಿ ಎಂದು ಮೈಸೂರಿನ ಡಾಕ್ಟರು ಹೇಳಿದಾಗ ನೀನೂ ಜೊತೆಗಿದ್ದೆ. ಅವರ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಚೆನ್ನಯ್ಯ ಹೋದ ಮೇಲೆ ಇವರಿಗೆ, "ಅಮ್ಮನಿಗೆ ನೀವೇ ಹೇಳಿ," ಎಂದೆ. "ಈಗ್ಯಾಕೆ ಅದೆಲ್ಲಾ?" ಎಂದರು. ಅವರು ಬಾಯಿಬಿಟ್ಟರೆ ಈ ಹಾಳೆಯನ್ನು ಹರಿದುಹಾಕಿ ಉಳಿದದ್ದನ್ನಷ್ಟೇ ಕಳಿಸುತ್ತೇನೆ. ಕಾದು ನೋಡುತ್ತೇನೆ. ಅಂಚೆಗೆ ಹಾಕುವುದು ಬುಧವಾರ, 12 ನವೆಂಬರ್.