ದುರ್ಗಕ್ಕ ತೋರಿಸಿದ ಎರಡು ಬಣ್ಣ

ಹೊಸಪೇಟೆ
18-11-2024

ಚಿ. ಸೌ. ಹರಿಪ್ರಿಯಾಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹದಿನೈದು ದಿನ ತಡವಾಯಿತು, ಬೈಯಬೇಡ ಕಣೇ. ಮನೆ ತುಂಬ ಬಣ್ಣದ ಡಬ್ಬಿ, ಕೂರಲು ಜಾಗವಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಇರುತ್ತಾರೆ, ಅವರ ಕಿವಿ ಈಗ ಭಾಳ ಚುರುಕು.

ಅವರ ಕಣ್ಣು ಮಂಜಾಗುತ್ತ ಬಂದದ್ದು ನಿನಗೆ ಗೊತ್ತೇ ಇದೆ. ದಸರೆಯಲ್ಲಿ ಮಲಗುವ ಕೋಣೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ನಾಲ್ಕು ಹೊಲಿಗೆ ಬಿದ್ದವು. ಅಂದಿನಿಂದ ಬಚ್ಚಲಿಗೂ ನನ್ನ ಕೈ ಹಿಡಿದೇ ಹೋಗಬೇಕಾಗಿತ್ತು. ಸರ್ವೇಯರ್ ಆಗಿ ಮೂವತ್ತು ವರ್ಷ ದೋಣಿಮಲೈ ಗುಡ್ಡ ಹತ್ತಿಳಿದವರು, ಕೈ ಚಾಚುವಾಗ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಬೆಳಕಾದರೂ ಹೆಚ್ಚಲಿ ಎಂದು ಆ ಕೋಣೆಯ ಗೋಡೆ, ಬಾಗಿಲು ಎಲ್ಲಕ್ಕೂ ಕೆನೆಬಣ್ಣ ಹೊಡೆಸಲು ಹೊರಟೆ. ಬಣ್ಣ ಹೊಡೆಯಲು ಬಂದವಳು ಪಾಪಿನಾಯಕನಹಳ್ಳಿಯ ದುರ್ಗಕ್ಕ. ಹೆಂಗಸು ಏಣಿ ಹತ್ತುವುದೇ ಎಂದು ಮೂಗು ಮುರಿದಿದ್ದೆ ಕಣೇ. ಅವಳು ಎರಡು ರಟ್ಟಿಗೆ ಬಣ್ಣ ಬಳಿದು, ಒಂದು ಕೆನೆ, ಒಂದು ಕಡುನೀಲಿ, ಮಾಸಿದ ಬಿಳಿ ಗೋಡೆಗೆ ಒರಗಿಸಿ, ಇವರನ್ನು ಕೋಣೆಯ ಆ ತುದಿಗೆ ನಿಲ್ಲಿಸಿದಳು. ಕೆನೆಬಣ್ಣದ ರಟ್ಟು ಇವರಿಗೆ ಕಾಣಲೇ ಇಲ್ಲ. ನೀಲಿಯತ್ತ ನೆಟ್ಟಗೆ ನಡೆದುಹೋಗಿ ಕೈಯಿಟ್ಟರು. ಅವಳ ಅತ್ತೆಗೂ ಹೀಗೇ ಆಗಿತ್ತಂತೆ.

ಕಡುಬಣ್ಣ ಮನೆಗೆ ಶುಭವಲ್ಲ ಎಂದು ನಾನು ರಾಗ ಎಳೆದೆ.

“ಚಂದ ನೋಡಾಕ ನಾವದೀವಿ ಅಮ್ಮಾರ. ಸಾಹೇಬ್ರಿಗೆ ಬಾಗ್ಲ ಸಿಕ್ಕರ ಸಾಕ್ರಿ” ಅಂದಳು.

ಗೋಡೆಗೆ ಕೆನೆ, ಚೌಕಟ್ಟಿಗೂ ಸ್ವಿಚ್ಚಿನ ಸುತ್ತಲೂ ಕಡುನೀಲಿ. ಎಂಥ ಕೈ ಅವಳದು! ಟೇಪು ಅಂಟಿಸದೆ ಬರೀ ಬ್ರಷ್ಷಿನಲ್ಲಿ ಅಂಚು ಎಳೆದಳು, ಎಲ್ಲೂ ಕೂದಲೆಳೆಯಷ್ಟು ಆಚೀಚೆ ಆಗಿಲ್ಲ. ಮೊನ್ನೆ ಇವರು ಒಬ್ಬರೇ ಎದ್ದು ಬಚ್ಚಲಿಗೆ ಹೋಗಿಬಂದು ಕಾಫಿ ಕೇಳಿದರು. ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ದುರ್ಗಕ್ಕನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿ ಕಳಿಸಿದೆ.

ಕಮಲಾಪುರದಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಗುರುರಾಯರು ನಿನ್ನನ್ನೂ ಮಕ್ಕಳನ್ನೂ ಸುಖವಾಗಿಟ್ಟಿರಲಿ.

ನಿನ್ನ ಅಕ್ಕ,
ರಾಧಾಬಾಯಿ

ತಾ.ಕ.: ನಿನ್ನೆ ಆ ಕೋಣೆಯ ಗೋಡೆಗೆ ಒರಗಿ ನಿಂತಿದ್ದೆ, ಉಟ್ಟದ್ದು ಹಾಲುಬಣ್ಣದ ಸೀರೆ. ಇವರು ಬಂದು ನನ್ನೆದುರೇ ನಿಂತು “ರಾಧಾ, ಎಲ್ಲಿದ್ದೀ?” ಎಂದು ಕರೆದರು. ಇಲ್ಲೇ ಇದ್ದೀನಿ ಅಂದೆ. “ಬಾಗ್ಲ ಕಾಣ್ತದ. ನಿನ್ನ ಮುಖ ಯುಗಾದಿಯಿಂದ ಕಂಡಿಲ್ಲ” ಅಂದರು. ಇಷ್ಟು ದಿನ ನನಗೆ ಹೇಳಿರಲೇ ಇಲ್ಲ. ನನ್ನ ಬೀರುವಿನಲ್ಲಿ ಇರುವುದೆಲ್ಲ ತಿಳಿಬಣ್ಣದ ಸೀರೆ. ಮುಂದಿನ ಸಲ ಬರುವಾಗ ನಿನ್ನ ಕಡುಬಣ್ಣದವು ಎರಡು ತಾರೇ, ಹಳೆಯವಾದರೂ ಸರಿ.