ಮುಲ್ಲಾಮಾರಿಯ ಬಂಗುಡೆ

ಬಸವಕಲ್ಯಾಣ
ಜುಲೈ ೧೭, ಗುರುವಾರ

ಪ್ರೀತಿಯ ವರ್ಷಾ,

ನಿನ್ನ ಆಯಿಯ ತುಂಬು ಆಶೀರ್ವಾದ. ಹೇಗಿದ್ದೀ ಮೊಮ್ಮಗಳೇ? ನೆಗಡಿ ಹೋಯಿತೋ ಇಲ್ಲವೋ? ಮಂಗಳೂರಿನ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಹಸಿ ಬಟ್ಟೆ ಮಾತ್ರ ಹಾಕಿಕೊಳ್ಳಬೇಡ. ಆ ದಪ್ಪಕ್ಕಿ ಅನ್ನ ಹೊಟ್ಟೆಗೆ ಹಿಡಿಸುತ್ತಿದೆಯೇ? ರೊಟ್ಟಿ ಇಲ್ಲದೆ ನೀನು ಹೇಗೆ ದಿನ ತೆಗೆಯುತ್ತೀಯೋ ನನಗಂತೂ ತಿಳಿಯದು. ನಿಮ್ಮಪ್ಪ ಆ ಕಡೆ ಬರುವಾಗ ಅವನ ಕೈಯಲ್ಲಿ ಅನ್ನಕ್ಕೆ ಕಲಸಿಕೊಳ್ಳಲಿಕ್ಕೆ ಶೇಂಗಾ ಹಿಂಡಿ ಕಳಿಸುತ್ತೇನೆ. ಬಂದ ದಿನವೇ ಹಾಸ್ಟೆಲಿನ ಹುಡುಗಿಯರಿಗೆಲ್ಲ ಹಂಚಿ ದಾನಶೂರೆಯಾಗಬೇಡ, ಅರ್ಧ ಟ್ರಂಕಿನಲ್ಲಿ ಅಡಗಿಸಿಡು.

ಇಲ್ಲಿ ಎಲ್ಲರೂ ಆರಾಮ. ಫೋನು ಇರುವಾಗ ಆಯಿ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನು ಹಚ್ಚಿದರೆ ಸಾಕು, ನಿಮ್ಮ ಮುತ್ಯಾ ಸ್ಪೀಕರ್ ಹಾಕು ಅಂತ ಬಂದು ಪಕ್ಕದಲ್ಲೇ ಕೂತುಬಿಡುತ್ತಾರೆ. ಅವರ ಸುದ್ದಿ ಅವರ ಮುಂದೆಯೇ ಹೇಗೆ ಹೇಳಲಿ? ಈಗ ಮುಲ್ಲಾಮಾರಿ ಹೊಳೆಗೆ ಹೋಗಿದ್ದಾರೆ, ಬರುವಷ್ಟರಲ್ಲಿ ಮುಗಿಸಬೇಕು. ಮೊದಲಿಗೇ ಹೇಳಿಬಿಡುತ್ತೇನೆ, ಇದಕ್ಕೆಲ್ಲ ಕಾರಣ ನೀನೇ.

ಬೇಸಿಗೆ ರಜೆಗೆ ಬಂದವಳು ಮುತ್ಯಾನಿಗೆ ರೀಲು ಇರುವ ಹೊಸ ಗಾಳದ ಕೋಲು ತಂದುಕೊಟ್ಟೆ, ಸರಿ. ಮೀನಿಗೆ ಆಸೆ ಹಚ್ಚುವ ರಬ್ಬರಿನ ಕಪ್ಪೆ ಕೊಟ್ಟೆ, ಅದೂ ಸರಿ. ಅದನ್ನು ಕಪಾಟಿನಲ್ಲಿ ಕಂಡು ನಾನು ಚೀರಿದ್ದು ಬೇರೆ ಮಾತು. ಆದರೆ ಕಟ್ಟೆಯ ಮೇಲೆ ಕೂತು ಇಕ್ಕಳದಿಂದ ಅವರ ಗಾಳಗಳ ಮುಳ್ಳನ್ನೆಲ್ಲ ಒತ್ತಿ ಸಪಾಟು ಮಾಡಿದೆಯಲ್ಲ, ಬಾಯಿ ಹರಿಯದೆ ಮೀನು ಬಿಡಿಸಲಿಕ್ಕೆ ಬರುತ್ತದೆ ಅಂತ, ಅಲ್ಲಿಂದ ಸುರುವಾಯಿತು. ಹಾವಿನಂಥ ತಲೆಯ ಆ ಮರಲ್ ಮೀನನ್ನು ಮಳೆಗಾಲದಲ್ಲಿ ಮನೆಗೆ ತರಕೂಡದು, ತಂದೆ ತಾಯಿ ಎರಡೂ ಮರಿಗಳ ಕೆಳಗೆ ಕಾವಲು ನಿಂತಿರುತ್ತವೆ, ದೊಡ್ಡದನ್ನು ಒಯ್ದರೆ ಮರಿಗಳನ್ನು ಬೇರೆ ಮೀನುಗಳು ನುಂಗುತ್ತವೆ ಎಂದು ಹೇಳಿ ಅವರಿಂದ ಆಣೆ ಮಾಡಿಸಿಕೊಂಡೆ. ಅವರು ನಗುತ್ತಲೇ ಆಣೆ ಮಾಡಿದರು. ನಾಲ್ಕು ದಿನಕ್ಕೆ ಮರೆಯುತ್ತಾರೆ ಅಂದುಕೊಂಡಿದ್ದೆ. ನನಗೆ ಮಾಡಿದ ಆಣೆಗಳನ್ನು ಎಷ್ಟು ಸಲೀಸಾಗಿ ಮರೆತವರು! ಇದೊಂದನ್ನು ಮರೆಯಲಿಲ್ಲ.

ಬಸ್ಸಿನ ಕಂಡಕ್ಟರಕಿ ಬಿಟ್ಟರೂ ಸೀಟಿ ಬಿಟ್ಟಿಲ್ಲ, ಕೊರಳಲ್ಲಿ ಹಾಕಿಕೊಂಡೇ ಹೊಳೆಗೆ ಹೋಗುತ್ತಾರೆ, ನಿನಗೆ ಗೊತ್ತೇ ಇದೆ. ಈಗ ಮೀನು ಸಿಕ್ಕರೆ ಗಾಳ ಬಿಡಿಸಿ, ನೀರೊಳಗೇ ಹಿಡಿದುಕೊಂಡು, ಅದು ಚೇತರಿಸಿಕೊಳ್ಳುವವರೆಗೆ ಕಾದು, 'ನಡೀರಿ ನಡೀರಿ, ಮುಂದ ಜಾಗ ಅದ' ಅಂತ ಬಿಟ್ಟು ಎರಡು ಸೀಟಿ ಊದುತ್ತಾರಂತೆ. ಮೀನಿಗೂ ರೈಟ್ ಹೇಳಬೇಕಲ್ಲ! ಮೊದಲೆಲ್ಲ ಅವರು ಓಣಿಗೆ ಬಂದರೆ ಸೈಕಲ್ಲಿನ ಹ್ಯಾಂಡಲಿಗೆ ಮೀನು ಜೋಲುತ್ತಿತ್ತು. ಮುಲ್ಲಾಮಾರಿಯಲ್ಲಿ ಮೀನು ಅಂತಿದ್ದರೆ ಅದು ಏಕನಾಥ ಕಂಡಕ್ಟರರ ಕೈಗೇ ಅನ್ನುತ್ತಿದ್ದರು ಜನ. ಆ ಮಾತು ಕೇಳಲಿಕ್ಕೆ ಅವರು ಬೇಕೆಂತಲೇ ದೊಡ್ಡ ಓಣಿಯಿಂದ ಸುತ್ತು ಹಾಕಿ ಬರುತ್ತಿದ್ದದ್ದು ನನಗೆ ಗೊತ್ತು. ಈಗ ಖಾಲಿ ಚೀಲ. ಮೀನೆಲ್ಲಿ ಅಂದರೆ 'ಬಿಟ್ಟು ಬಂದೆ' ಅನ್ನುತ್ತಾರೆ. ಯಾರು ನಂಬಬೇಕು? ಚಹಾ ಹೊಟೇಲಿನ ಮುಜಾಫರ್ 'ಹೌದೇನ್ರಿ ಚಾಚಾ, ನಾನೂ ನಿನ್ನಿ ಕೋಟೆ ಹಿಂದ ಒಂದು ಹುಲಿ ಹಿಡದು ಬಿಟ್ಟು ಬಂದೀನ್ರಿ' ಅಂದನಂತೆ. ಮುತ್ಯಾ ಅದನ್ನು ನನಗೆ ಹೇಳಿ ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ನಲ್ಲಿಯ ಹತ್ತಿರ ಪಕ್ಕದ ಮನೆ ಗಯಾಬಾಯಿ 'ವಯಸ್ಸಾತಲ್ರಿ ವೈನಿ, ಅಣ್ಣಾರ ಕೈ ನಡಗಾಕತ್ತಾವೇನೋ' ಅಂದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಹೋದ ವಾರ ಹುಮನಾಬಾದಿಗೆ ನನ್ನ ತಂಗಿ ಮೀನಾಳ ಮನೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿಗೆ ಬರುವಾಗ ಸಂತೆಯಲ್ಲಿ ಐಸಿನ ಪೆಟ್ಟಿಗೆಯಲ್ಲಿ ಮೀನು ಇಟ್ಟುಕೊಂಡು ಒಬ್ಬ ಕೂತಿದ್ದ. ಹೆಸರು ಏನೋ ಹೇಳಿದ, ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೀನು ಅಂದರೆ ಮೀನು. ಬೆನ್ನ ಮೇಲೆ ನೀಲಿ ಪಟ್ಟೆ ಇದ್ದ ಚೆಂದದವನ್ನು ಸೀರೆ ಆರಿಸಿದ ಹಾಗೆ ಆರಿಸಿಕೊಂಡೆ. ಮನೆಗೆ ಬಂದರೆ ಮುತ್ಯಾ ಹೊಳೆಯಿಂದ ಬಂದು ಸ್ನಾನಕ್ಕೆ ಹೋಗಿದ್ದರು. ಅವರ ಹಸಿ ಚೀಲದಲ್ಲಿ ಮೀನು ಹಾಕಿಕೊಂಡು ನೆಟ್ಟಗೆ ನಲ್ಲಿಗೆ ಹೋಗಿ ಗಯಾಬಾಯಿಯ ಮುಂದೆ ಸುರಿದೆ. 'ಅಯ್ಯ, ಇದ್ಯಾವ ಮೀನ್ರಿ ವೈನಿ, ಹಿಂಥಾದು ಎಂದೂ ನೋಡಿಲ್ಲ!' ಅಂದಳು. ಅಲ್ಲಿಗೆ ನನ್ನ ನಾಲಿಗೆ ಸುಮ್ಮನಿರಬೇಕಿತ್ತು. 'ಈ ಮಳಿಗೆ ಹೊಳಿಯಾಗ ಹೊಸಾವು ಬಂದಾವ. ಜಾಲಿ ಗಿಡದ ತಿರುವಿನಾಗ ಇವರಿಗೆ ಸಿಗಾಕತ್ತಾವ' ಅಂದುಬಿಟ್ಟೆ. ನೀನಲ್ಲಿ ದಿನಾ ನೋಡುವ ಬಂಗುಡೆ ಅದು, ಸಮುದ್ರದ ಮೀನು! ನನಗೇನು ಗೊತ್ತು, ನಾನು ಯಾವಾಗ ಸಮುದ್ರ ನೋಡಿದ್ದೆ? ಊಟಕ್ಕೆ ಕೂತಾಗ ಮುತ್ಯಾನಿಗೆ ಮಾತ್ರ ಸಂತೆಯಿಂದ ತಂದೆ ಅಂತ ನಿಜ ಹೇಳಿದೆ, ನಲ್ಲಿಯ ಸುದ್ದಿ ಹೇಳಲಿಲ್ಲ. ಅವರು ಒಂದು ತುತ್ತು ತಿಂದು 'ಭಾಳ ದೂರದ ಪ್ಯಾಸೆಂಜರ್ ಅದ ಇದು, ಮೊದಲ ಸ್ಟಾಪಿನಾಗ ಹತ್ತಿ ಬಂದದ' ಅಂದರು.

ಗಯಾಬಾಯಿಯ ಬಾಯಿ ನಿನಗೆ ಗೊತ್ತಲ್ಲ. ಅದರ ಮೇಲೆ ಶ್ರಾವಣ ಹತ್ತಿರ ಬಂದಿದೆ, ಆಮೇಲೆ ಒಂದು ತಿಂಗಳು ಅರ್ಧ ಊರು ಮೀನು ಮುಟ್ಟುವುದಿಲ್ಲ, ಈಗಲೇ ತಿಂದು ಮುಗಿಸಬೇಕೆಂಬ ಅವಸರ ಎಲ್ಲರಿಗೂ. ಮರುದಿನ ಬೆಳಿಗ್ಗೆ ಅವಳೇ ಬಂದು 'ವೈನಿ, ಊರೆಲ್ಲ ಹೊಳಿಗಿ ಹೊಂಟದ. ನಮ್ಮನ್ಯಾಗಿನವರೂ ಸೊಳ್ಳಿ ಪರದಾ ಬಿಚ್ಚಿ ತಗೊಂಡು ಹೋಗ್ಯಾರ' ಅಂದಳು. ಮುತ್ಯಾ ಆಗಲೇ ಹೋಗಿದ್ದರು. ಚಹಾದ ಥರ್ಮಾಸು ನೆಪಕ್ಕೆ ಹಿಡಿದುಕೊಂಡು ಆಟೋ ಹತ್ತಿದೆ.

ಏನು ಜನ ಅಂತೀ! ಗೋರ್ಟಾದ ಕಡೆಯಿಂದಲೂ ಬೈಕಿನ ಮೇಲೆ ಬಂದಿದ್ದರು. ಗಾಳ, ಬಲೆ, ಸೊಳ್ಳೆಪರದೆ, ಹಳೆ ಸೀರೆ, ಕೈಗೆ ಸಿಕ್ಕದ್ದನ್ನೆಲ್ಲ ತಂದಿದ್ದರು. ಪಟ್ಟೆಯ ಮೀನು ಎಲ್ಲಿಂದ ಸಿಗಬೇಕು? ಅದಕ್ಕೇ ಸಿಟ್ಟಿಗೆದ್ದು ಸಿಕ್ಕಿದ್ದನ್ನೆಲ್ಲ ಗೋರಿ ತೆಗೆಯುತ್ತಿದ್ದರು. ಜಾಲಿ ಗಿಡದ ಕೆಳಗೆ ನಿಮ್ಮ ಮುತ್ಯಾ ಮೊಣಕಾಲುದ್ದ ನೀರಿನಲ್ಲಿ ನಿಂತು 'ಇಲ್ಲಿ ಮರಿ ಅದಾವ್ರಿ, ಇಲ್ಲಿ ಬ್ಯಾಡ್ರಿ' ಅಂತ ಕೈಮುಗಿಯುತ್ತಿದ್ದರು. 'ಯಾಕ್ರಿ ಕಾಕಾ, ಹೊಸಾ ಮೀನು ನೀವೊಬ್ಬರ ತಿನ್ನಬೇಕೇನು?' ಅಂತ ಯಾರೋ ಕೂಗಿದರು. ನಾನು ದಂಡೆಗೆ ಇಳಿದು ನೋಡಿದೆ. ವರ್ಷಾ, ಮರಲ್ ಮರಿಗಳನ್ನು ನೀನು ಫೋನಿನಲ್ಲಿ ತೋರಿಸಿದಾಗ ನಾನು ಅರ್ಧ ಕಣ್ಣಿನಿಂದ ನೋಡಿದ್ದೆ. ಈಗ ಎದುರಿಗೇ ಇತ್ತು. ಕುಂಕುಮ ಚೆಲ್ಲಿದ ಹಾಗೆ ಕೆಂಪು ಮರಿಗಳು, ಲೆಕ್ಕವಿಲ್ಲದಷ್ಟು, ಒಂದೇ ಗುಂಪಾಗಿ ನೀರಿನ ಮೇಲೆ ಕುದಿಯುತ್ತಿದ್ದವು. ಅವುಗಳ ಕೆಳಗೆ ಒಂದು ಕರಿ ತಲೆ. ಅಷ್ಟು ಜನ ನೀರು ತುಳಿಯುತ್ತಿದ್ದರೂ ಆ ತಲೆ ಜಾಗ ಬಿಟ್ಟು ಕದಲಿರಲಿಲ್ಲ. ಅತ್ತ ಗಯಾಬಾಯಿಯ ಗಂಡ ಮತ್ತು ಇನ್ನೊಬ್ಬ ಸೊಳ್ಳೆಪರದೆಯ ತುದಿ ಹಿಡಿದುಕೊಂಡು ಅದೇ ಕಡೆ ಬರುತ್ತಿದ್ದರು. ಇದೆಲ್ಲ ನನ್ನ ನಾಲಿಗೆಯ ಕೆಲಸ ಅಂತ ನನಗೆ ಅಳು ಬಂತು, ಬಾಯಿ ಮಾತ್ರ ಬರಲಿಲ್ಲ. ಇಡೀ ಓಣಿಯ ಜೊತೆ ಜಗಳವಾಡುವ ಬಾಯಿ ಅದು!

ಅಷ್ಟರಲ್ಲಿ ಮುತ್ಯಾ ಸೀಟಿ ಊದಿದರು. ಒಂದೇ ಸಲ, ಉದ್ದಕ್ಕೆ. ಸೀಟಿಗೆ ಬಸ್ಸು ನಿಂತ ಹಾಗೆ ಜನ ನಿಂತರು. 'ಎಲ್ಲಾರೂ ಕೇಳ್ರಿ' ಅಂದರು. 'ಆ ಪಟ್ಟಿ ಮೀನು ಈ ಹೊಳೀದಲ್ಲ. ಸಮುದ್ರದ್ದು, ಬಾಂಗಡಾ ಅಂತಾರ. ಹುಮನಾಬಾದ ಸಂತ್ಯಾಗ ಕೊಂಡದ್ದು. ನನ್ನ ಕೈಗಿ ಈಗ ಮೀನು ಬೀಳವಲ್ದು. ಓಣ್ಯಾಗ ಮಾನ ಹೋಗತದಂತ ನಾನೇ ತಂದೀನಿ, ಮನ್ಯಾಗೂ ಹೊಳೀದ ಅಂತ ಸುಳ್ಳ ಹೇಳೀನಿ. ಇನ್ನ ಮನಿಗಿ ನಡೀರಿ.' ಆಮೇಲೆ ಮುಜಾಫರ್ ನಕ್ಕ ನೋಡು, ಅಲ್ಲಿಂದ ಇಡೀ ದಂಡೆ ನಗಲಿಕ್ಕೆ ಹತ್ತಿತು. ನಗುನಗುತ್ತಾ ಬಲೆ ಸುತ್ತಿಕೊಂಡು, ಸೊಳ್ಳೆಪರದೆ ಹಿಂಡಿಕೊಂಡು ಹೊರಟರು. ಮುತ್ಯಾ ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ, ನೋಡಿದರೆ ಜನಕ್ಕೆ ತಿಳಿಯುತ್ತದೆ ಅಂತ. ಎಲ್ಲರೂ ಹೋದ ಮೇಲೆ ನಾನು ಚಹಾ ಬಗ್ಗಿಸುತ್ತಾ, ಅರ್ಧ ಚೆಲ್ಲುತ್ತಾ, 'ನಾನೇ ಹೋಗಿ ಖರೇ ಹೇಳತೀನಿ' ಅಂದೆ. 'ನಿನ್ನ ಟಿಕೆಟ್ ನಾ ತಗದೀನಿ. ಸುಮ್ಮ ಕೂಡು' ಅಂದರು. ಇಷ್ಟು ವರ್ಷದಲ್ಲಿ ಅವರು ನನಗೆ ಹೇಳಿದ ಚೆಂದದ ಮಾತು ಅದೊಂದೇ ಇರಬೇಕು.

ಈಗ ಓಣಿಯಲ್ಲಿ ಅವರಿಗೆ ಬಾಂಗಡಾ ಕಂಡಕ್ಟರ್ ಅಂತ ಹೆಸರು. ಮುಜಾಫರ್ ಚಹಾ ಕೊಡುವಾಗ 'ಸಮುದ್ರದ ಉಪ್ಪು ಹಾಕಲೇನ್ರಿ ಚಾಚಾ' ಅನ್ನುತ್ತಾನಂತೆ. ಅವರು ನಗುತ್ತಾರೆ, ದಿನಾ ಹೊಳೆಗೆ ಹೋಗಿ ಮರಿಗಳನ್ನು ನೋಡಿ ಬರುತ್ತಾರೆ. ಆದರೆ ದೊಡ್ಡ ಓಣಿಯ ಸುತ್ತು ಬಿಟ್ಟಿದ್ದಾರೆ, ಹಿಂದಿನ ಸಂದಿಯಿಂದ ಬರುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ.

ಸೈಕಲ್ಲಿನ ಸಪ್ಪಳ ಬಂತು, ಮುಗಿಸುತ್ತೇನೆ. ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು, ಸಮುದ್ರದ ಹತ್ತಿರ ಒಬ್ಬಳೇ ಹೋಗಬೇಡ. ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಯಾವಾಗಲೂ ಇದೆ.

ನಿನ್ನ ಆಯಿ,
ಸುಮನಬಾಯಿ

ತಾ.ಕ.: ಬಂದದ್ದು ಅವರಲ್ಲ, ಹಾಲಿನವನು. ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯದೆ ನಲ್ಲಿಗೆ ಹೋಗಿ, ಎಲ್ಲ ಹೆಂಗಸರ ಮುಂದೆ, ಮೀನು ತಂದವಳೂ ನಾನೇ, ಸುಳ್ಳು ಹೇಳಿದವಳೂ ನಾನೇ, ಅವರ ಕೈ ನಡುಗುವುದೂ ಇಲ್ಲ ಅಂತ ಗಟ್ಟಿಯಾಗಿ ಹೇಳಿದೆ. ಗಯಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು 'ಗಂಡನ ಮಾನ ಉಳಸಾಕ ಎಷ್ಟು ಸುಳ್ಳ ಹೇಳತೀರಿ ವೈನಿ, ಹೆಂಡ್ತಿ ಅಂದರ ನೀವು' ಅಂದಳು. ಒಬ್ಬಳಾದರೂ ನಂಬಲಿಲ್ಲ! ನನ್ನ ಸುಳ್ಳಿಗೆ ಊರೇ ಹೊಳೆಗೆ ಹೋಯಿತು, ನನ್ನ ನಿಜಕ್ಕೆ ಒಂದು ಕೊಡವೂ ಕದಲಲಿಲ್ಲ. ನೀನು ಕಾಲೇಜು ಕಲಿತವಳು, ಗಣಪತಿ ರಜೆಗೆ ಬಂದು ನೀನೇ ನಲ್ಲಿಯ ಹತ್ತಿರ ನಿಂತು ಹೇಳಬೇಕು, ಆಮೇಲೆ ಮುತ್ಯಾನನ್ನು ಕರೆದುಕೊಂಡು ದೊಡ್ಡ ಓಣಿಯಿಂದಲೇ ಬರಬೇಕು. ಬರುವಾಗ ಏನು ಬೇಕಾದರೂ ತಾ, ಬಂಗುಡೆ ಮಾತ್ರ ತರಬೇಡ.