ಮೇಲಂಚಿನ ಗೆರೆ

ಜನವರಿ 6, ಸೋಮವಾರ. ಬೆಳಿಗ್ಗೆ 5.50

ಅಪ್ಪಯ್ಯನ ಕಾಮಿಕ್ಸಿನ ಪುಟ 31 ಮುಗಿಯಿತು. ಇನ್ನೂ ನಲವತ್ತಾರು ಬಾಕಿ. ಸ್ಕ್ಯಾನ್ ಮಾಡುವುದು ಸುಲಭ, ಕ್ಲೀನ್ ಮಾಡುವುದೇ ಕರ್ಮ. ಮೂವತ್ತಾರು ವರ್ಷ ಹಳೆಯ ನ್ಯೂಸ್‌ಪ್ರಿಂಟ್. ಗೆದ್ದಲು, ಎಣ್ಣೆಕಲೆ, ಯಾರೋ ಚಕ್ಕುಲಿ ಕಟ್ಟಿ ಬಿಚ್ಚಿದ ಮಡಿಕೆ. ಅದು ಸಾಲದು ಅಂತ ಹೆಚ್ಚಿನ ಚೌಕಗಳ ಮೇಲಂಚಿನಲ್ಲಿ ಒಂದು ತೆಳುವಾದ ಅಂಕುಡೊಂಕು ಗೆರೆ. ಹಿಂದಿನ ಪುಟದ ಶಾಯಿ ಇಳಿದಿರಬೇಕು. ಒಂದೊಂದನ್ನೂ ಉಜ್ಜಿ ತೆಗೆಯುತ್ತಿದ್ದೇನೆ. ಮೌಸ್ ಹಿಡಿದು ಹಿಡಿದು ಭುಜ ಬಿದ್ದೇಹೋಗಿದೆ.

ಅಪ್ಪಯ್ಯನಿಗೆ ಗಂಜಿ, ಮಾತ್ರೆ, ಬಲಗೈಗೆ ಎಣ್ಣೆ. ಆಮೇಲೆ 7.20ರ ಬಸ್ಸು. ಬ್ರಹ್ಮಾವರದ ಶಾಲೆಯಲ್ಲಿ ಇವತ್ತು ಎಂಟನೇ ಕ್ಲಾಸಿನ ಗಣಿತ ಟೆಸ್ಟಿಗೂ ನಾನೇ ಸೂಪರ್‌ವಿಜನ್. "ಡ್ರಾಯಿಂಗ್ ಟೀಚರ್ ಇದ್ದಾರಲ್ಲ" — ಅಲ್ಲಿ ಯಾವ ಕೆಲಸಕ್ಕೂ ಈ ಒಂದು ಮಾತು ಸಾಕು.

ಜನವರಿ 8, ಬುಧ. ಬಸ್ಸಿನಲ್ಲಿ

ಬೈಂದೂರಿನ ಮನೀಷನ ಫೋನ್. ಹಳೇ ಪೋಸ್ಟರ್ ಹುಡುಕಿ ಕೂಡಿಡುವ ಹುಚ್ಚು ಈ ಮನುಷ್ಯನಿಗೆ. ಈಗ ಅಪ್ಪಯ್ಯನ ಮೇಲೆ ಪುಸ್ತಕ ತರುತ್ತಿದ್ದಾನೆ. ಯಕ್ಷಗಾನ ಮೇಳ, ನಾಟಕ, ಸಿನಿಮಾ ಟೆಂಟು — ಕುಂದಾಪುರದ ಅಪ್ಪಯ್ಯನ ಅಂಗಡಿ 'ಶೇಖರ ಆರ್ಟ್ಸ್' ಬರೆದ ಪೋಸ್ಟರುಗಳೆಲ್ಲ. ಜೊತೆಗೆ ಇಲ್ಲಿಯ ವಾರಪತ್ರಿಕೆಯಲ್ಲಿ ಬಂದ ಕಾಮಿಕ್ಸ್, 'ಬೂದನ ದೋಣಿ', ವಾರಕ್ಕೊಂದು ಪುಟ, ಎಪ್ಪತ್ತೇಳು ವಾರದ್ದೂ. ಫೆಬ್ರವರಿ 16ಕ್ಕೆ ಬಿಡುಗಡೆ. ಅಪ್ಪಯ್ಯನಿಗೆ ವೇದಿಕೆಯಲ್ಲಿ ಶಾಲು.

"ಟೀಚರ್, ನಿಮ್ಮ ಲೇಖನ ಒಂದೇ ಬಾಕಿ ಇಪ್ಪುದ್. ಶೈಲಿ ಬಗ್ಗೆ ಬರಿಯೂಕೆ ನಿಮ್ಮಷ್ಟ್ ಗೊತ್ತಿದ್ದವ್ರ್ ಯಾರಿದ್ರ್?"

ಹೌದು, ಯಾರೂ ಇಲ್ಲ. ಅದೇ ಕಷ್ಟ.

ಅಪ್ಪಯ್ಯ ಆಗಲೇ ಶರ್ಟ್ ಆರಿಸಿಟ್ಟಿದ್ದಾನೆ. ಬಿಳಿ, ತುಂಬು ತೋಳು. ಸ್ಟ್ರೋಕ್ ಆದ ಮೇಲೆ ಈ ನಾಲ್ಕು ವರ್ಷದಲ್ಲಿ ಅವನು ಯಾವುದಕ್ಕೂ ಇಷ್ಟು ಕಾದದ್ದು ನೋಡಿಲ್ಲ.

ಜನವರಿ 12, ಭಾನುವಾರ. ಮಧ್ಯಾಹ್ನ

ಲೇಖನ ಮುಗಿಸಿದೆ. ಕಳಿಸಿಯೂ ಆಯಿತು. ಓದಿದರೆ ಪರವಾಗಿಲ್ಲ ಅನಿಸುತ್ತದೆ.

ಪೋಸ್ಟರುಗಳ ಬಗ್ಗೆ ಬರೆದದ್ದು: ಮುಖ ಯಾವತ್ತೂ ಮುಕ್ಕಾಲು ತಿರುಗಿರುತ್ತದೆ. ಹುಬ್ಬು ಒಂದೇ ಎಳೆತದ್ದು. ಅಕ್ಷರಕ್ಕೆ ಕೆಂಪು ನೆರಳು, ಹತ್ತು ಮಾರು ದೂರದಿಂದ ಬಸ್ಸಿನಲ್ಲಿ ಕೂತವರಿಗೂ ಓದಲು ಬರಬೇಕು. ಕೈಗಳು ಮಾತ್ರ ಕಾಣುವುದೇ ಇಲ್ಲ. ಶಾಲಿನೊಳಗೆ, ಗುರಾಣಿ ಹಿಂದೆ, ಮೋಡದಲ್ಲಿ ಎಲ್ಲಾದರೂ ಅಡಗಿರುತ್ತವೆ.

ಕಾಮಿಕ್ಸಿನಲ್ಲಿ ಎಲ್ಲವೂ ತಿರುವುಮುರುವು. ಪುಟ ತುಂಬ ಕೈಗಳೇ. ಹಗ್ಗ ಗಂಟು ಹಾಕುವ ಕೈ, ಬಲೆ ಎಳೆಯುವ ಕೈ. ಗೆರೆ ಸಪೂರ. ನೆರಳಿನ ಗೀಟುಗಳು ಪೋಸ್ಟರಿನಲ್ಲಿ ವಾಲುವ ಕಡೆಗೆ ವಾಲುವುದಿಲ್ಲ, ಎದುರು ಕಡೆಗೆ. ಪುಟ ತಿರುಗಿಸಿಟ್ಟು ಬರೆದಿರಬೇಕು ಅಂತ ಬರೆದೆ. ಇನ್ನೊಂದು — ದೊಡ್ಡ ಚೌಕಗಳಲ್ಲಿ ಅವನು ದಡವನ್ನು ಕಡಲಿನಿಂದ ನೋಡಿ ಬರೆಯುತ್ತಾನೆ. ಮರಳು, ತೆಂಗು, ಹಿಂದೆ ಘಟ್ಟ. ನಾವೆಲ್ಲ ದಡದಲ್ಲಿ ನಿಂತು ಮುಳುಗುವ ಸೂರ್ಯ ಬರೆಯುವವರು. ಗಂಗೊಳ್ಳಿಗೆ ಹೊಳೆ ದಾಟುವ ದೋಣಿ ಹತ್ತಿದರೂ ವಾಂತಿ ಮಾಡುತ್ತಿದ್ದ ಮನುಷ್ಯ ಇದನ್ನು ಬರೀ ಕಲ್ಪನೆಯಲ್ಲಿ ಕಂಡ. "ಪೋಸ್ಟರಿನಲ್ಲಿ ಬಚ್ಚಿಟ್ಟ ಕೈಗಳಿಗೆ ಕಾಮಿಕ್ಸಿನಲ್ಲಿ ಬಿಡುಗಡೆ" — ಈ ವಾಕ್ಯ ಬರೆದು ನನಗೇ ಖುಷಿಯಾಯಿತು.

ಕೊನೆಯ ಪುಟ, 77. ಹಗ್ಗ ಹರಿದಿದೆ, ದೋಣಿಯಲ್ಲಿ ಹುಡುಗ ಬೂದ ಒಬ್ಬನೇ, ಎದುರಿಗೆ ಗೋಡೆಯಂಥ ತೆರೆ. ಮುಂದೆ ಬರಲೇ ಇಲ್ಲ. ಆಗ ನನಗೆ ಒಂಬತ್ತು ವರ್ಷ. ಪತ್ರಿಕೆ ಬರುವ ಪ್ರತಿ ಗುರುವಾರ ಕೇಳುತ್ತಿದ್ದೆ, ಬೂದ ಎಂತ ಆದ? "ಮುಂದಿನ್ ವಾರ ಕಾಂಬ, ಕಾಂಬ" ಅನ್ನುತ್ತಿದ್ದ ಅಪ್ಪಯ್ಯ. ಆಮೇಲೆ ಪತ್ರಿಕೆಯೇ ನಿಂತಿತು. ನಾನೂ ಕೇಳುವುದು ಬಿಟ್ಟೆ.

ಜನವರಿ 19, ಭಾನುವಾರ. ಬೆಳಿಗ್ಗೆ 10

ಮೀನಿನ ರತ್ನಕ್ಕ ಬಂದಿದ್ದಳು. ಬಂಗುಡೆ. ನಾನು ಪಾತ್ರೆ ತರುವಷ್ಟರಲ್ಲಿ ಜಗಲಿಯಲ್ಲಿ ಹರಡಿದ್ದ ಮೂಲ ಪುಟಗಳನ್ನು ಬಗ್ಗಿ ನೋಡುತ್ತಿದ್ದಳು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದಳು, ಕಾಗದಕ್ಕೆ ಮೀನು ತಾಗದ ಹಾಗೆ.

"ಇದ್ ಯಾರ್ ಬರ್ದದ್ದ್ ಟೀಚ್ರೇ?"

"ಅಪ್ಪಯ್ಯ."

"ನಿಮ್ ಅಪ್ಪಯ್ಯ ಕಡ್ಲಿಗ್ ಹೋಯ್ತಿದ್ರಾ?"

ಇಲ್ಲ ಅಂದೆ. ಅವಳು ಮೊಣಕೈಯಿಂದಲೇ ತೋರಿಸಿದಳು, ಆ ಅಂಕುಡೊಂಕು ಗೆರೆ. "ಕಾಣಿ, ಇದ್ ಕೊಡಚಾದ್ರಿ. ಕೆಳ್ಗೆ ಜೋಡಿ ತಾಳಿಮರ. ಇಲ್ಲಿ ಎರಡೂ ಒಂದೇ ನೇರಕ್ಕಿತ್ತ್. ಅಂದ್ರೆ ದೋಣಿ ತ್ರಾಸಿ ಎದ್ರಿಗೆ. ಈ ಚಿತ್ರದಗೆ ಕೊಡಚಾದ್ರಿ ಮರಕ್ಕಿಂತ ಬಲಕ್ ಹೋಯ್ತ್. ದೋಣಿ ತೆಂಕಕ್ ಬಂತ್. ನಮ್ಮೋರ್ ಮುಂಚೆ ಹೀಂಗೇ ಗುರ್ತ ಇಟ್ಕಂತಿದ್ದದ್. ಈಗ ಜಿಪಿಎಸ್ ಬಂತ್, ಬಿಡಿ." ಒಂದು ಪುಟ, ಎರಡು ಪುಟ, ಬಸ್ಸಿನ ಬೋರ್ಡ್ ಓದುವಷ್ಟೇ ಸಲೀಸಾಗಿ ಓದಿದಳು. "ಇದ್ ತ್ರಾಸಿಯೋರೇ ಬರ್ದದ್ದ್. ನಾ ಬೇಕಾರೆ ಆಣೆ ಹಾಕ್ತೆ."

ಬಂಗುಡೆ ಹಾಗೇ ಸಿಂಕಿನಲ್ಲಿದೆ. ಬೆಕ್ಕು ಸುತ್ತುತ್ತಿದೆ. ಏಳಲು ಮನಸ್ಸಿಲ್ಲ.

ಅಪ್ಪಯ್ಯನ ಅಂಗಡಿಯಲ್ಲಿ ಬಣ್ಣ ತುಂಬುತ್ತಿದ್ದವರೊಬ್ಬರು ತ್ರಾಸಿಯವರು. ಹೆರಿಯಣ್ಣ. ನನ್ನ ಸ್ಲೇಟಿನ ಮೇಲೆ ಬೂತಾಯಿ ಮೀನು ಬರೆದುಕೊಡುತ್ತಿದ್ದರು. ಎಡಗೈಯಲ್ಲಿ.

ಜನವರಿ 20, ಸೋಮ

ಎಡಗೈಯವನ ಗೀಟು ಹಾಗೇ ವಾಲುವುದು. ಏಳನೇ ಕ್ಲಾಸಿನ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. 'ಪುಟ ತಿರುಗಿಸಿಟ್ಟು' ಅಂತೆ. ಇಪ್ಪತ್ತೆರಡು ವರ್ಷದ ಸರ್ವಿಸು.

ಜನವರಿ 27, ಸೋಮವಾರ. ಬೆಳಿಗ್ಗೆ

ನಿನ್ನೆ ಧ್ವಜಾರೋಹಣ, ರಂಗೋಲಿ, ಮಕ್ಕಳ ಕೆನ್ನೆಗೆ ಮೂರು ಬಣ್ಣ — ಇನ್ನೂರು ಕೆನ್ನೆ. ಹನ್ನೆರಡಕ್ಕೆ ಬಿಟ್ಟರು. ಮನೆಗೆ ಬರಲಿಲ್ಲ, ಅದೇ ಸೀರೆಯಲ್ಲಿ ಕುಂದಾಪುರ ದಾಟಿ ತ್ರಾಸಿಗೆ ಹೋದೆ. ಬೈಂದೂರು ಬಸ್ಸು, ನಿಂತೇ.

ಹೆರಿಯಣ್ಣ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದರು. ಅರುವತ್ತೈದು ದಾಟಿರಬೇಕು. ಬಲೆ ಸೂಜಿ ಎಡಗೈಯಲ್ಲಿ. ಅದನ್ನು ಕಂಡದ್ದೇ ಬಂದ ಕೆಲಸ ಅರ್ಧ ಮುಗಿಯಿತು.

"ಶೇಖರಣ್ಣನ ಮಗಳಾ? ಸಣ್ಣೋಳ್ ಇಪ್ಪತಿಗೆ ಕಂಡದ್ದ್. ಕೂತ್ಕಣಿ."

ಸುತ್ತುಬಳಸಿ ಮಾತಾಡುವ ತ್ರಾಣ ನನಗಿರಲಿಲ್ಲ. ಪುಟ ಮುಂದಿಟ್ಟು, ಇದು ಬರೆದದ್ದು ನೀವಾ ಅಂತ ಕೇಳಿದೆ. 

"ಹೌದ್. ಕತೆ, ಚಿತ್ರ ಎರಡೂ ನಂದೇ. ಅಡೀಲಿ ಹೆಸ್ರ್ ಬರಿತಿದ್ದದ್ದ್ ಮಾತ್ರ ಶೇಖರಣ್ಣ. ಈಗ ಎಂತಕ್ಕೆ ಅದೆಲ್ಲ?"

ಪುಸ್ತಕದ ವಿಷಯ ಹೇಳಿದೆ. ಕ್ಲೀನ್ ಮಾಡಿದ ಪ್ರಿಂಟು ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡರು. ತುಂಬ ಹೊತ್ತು ನೋಡಿದರು.

"ಕೊಡಚಾದ್ರಿ ಎಲ್ ಹೋಯ್ತ್?"

"ಕಲೆ ಅಂದ್ಕಂಡ್ ಅಳಿಸ್ದೆ."

"ಅದಿಲ್ದಿರೆ ಬೂದ ಎಲ್ಲಿದ್ದ ಅಂದೇಳಿ ಹ್ಯಾಂಗ್ ಗೊತ್ತಾತ್?" ಸಿಟ್ಟಿಲ್ಲ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿದೆ.

"ಒಂದೇ ಸಲ ಕೇಂಡೆ. ಕೊನಿ ಪುಟಕ್ಕಾರೂ ನನ್ ಹೆಸ್ರ್ ಹಾಕಿ ಶೇಖರಣ್ಣ ಅಂದೆ. ಅಂಗ್ಡಿಗೆ ಇಪ್ಪುದ್ ಒಂದೇ ಹೆಸ್ರ್ ಅಂದ್ರ್. ಮಾರನೇ ದಿನದಿಂದ ಬೋಟಿಗ್ ಹೋದೆ. ಮತ್ತೆ ಬರಿಲಿಲ್ಲ."

ಏಳುವ ಮೊದಲು ಕೇಳಿಯೇಬಿಟ್ಟೆ. ನಲವತ್ತೈದು ವರ್ಷದ ಹೆಂಗಸು, ಒಂಬತ್ತು ವರ್ಷದವಳ ಹಾಗೆ. ಬೂದ ಎಂತ ಆದ?

ಹೆರಿಯಣ್ಣ ಸೂಜಿ ಎಳೆದು ಗಂಟು ಬಿಗಿದರು. "ಕೇಳ್ಬೇಕಾದವ್ರ್ ಒಂದಿನ್ವೂ ಕೇಣ್ಲಿಲ್ಲ. ಅವ್ರ್ ಕೇಂಡ್ರೆ ಹೇಳ್ತೆ."

ಜನವರಿ 28, ಮಂಗಳ. ಸಂಜೆ 6

ಅಪ್ಪಯ್ಯನಿಗೆ ಹೇಳಿದೆ. ತ್ರಾಸಿಗೆ ಹೋಗಿದ್ದೆ, ಹೆರಿಯಣ್ಣನನ್ನು ಕಂಡೆ ಅಂತ.

ಎಡಗೈಯಿಂದ ಕುರ್ಚಿಯ ತೋಳು ಹಿಡಿದುಕೊಂಡ. ಮಾತು ಇನ್ನೂ ಸ್ಪಷ್ಟವಿಲ್ಲ ಅವನದು. ಇವತ್ತಿನದು ಮಾತ್ರ ಒಂದೊಂದು ಅಕ್ಷರವೂ ಕೇಳಿಸಿತು.

"ಅಂಗ್ಡಿ ನಂದ್. ಪೋಸ್ಟರಿಗ್ ಯಾರ್ ಬಣ್ಣ ತುಂಬಿದ್ದ್ ಅಂದೇಳಿ ಊರಗೆ ಯಾರಾರೂ ಕೇಂತ್ರಾ?"

ಇಲ್ಲ, ಕೇಳುವುದಿಲ್ಲ. ಆ ಕಸುಬೇ ಹಾಗೆ. ಯಾರು ಬರೆದರೂ ಅಡಿಯಲ್ಲಿ ಅಂಗಡಿಯ ಹೆಸರು. ಅಪ್ಪಯ್ಯನೂ ಮಂಗಳೂರಿನಲ್ಲಿ ಎಂಟು ವರ್ಷ ಇನ್ನೊಬ್ಬರ ಹೆಸರಿನಡಿ ಬರೆದವನೇ. ಆದರೆ ಇದು ಬಣ್ಣ ತುಂಬಿದ್ದಲ್ಲವಲ್ಲ ಅಪ್ಪಯ್ಯ ಅಂದೆ. ಕತೆಯೂ ಅವರದೇ ಅಲ್ವಾ ಅಂದೆ.

"ನನ್ ಹೆಸ್ರ್ ತೆಗೂದಾರೆ ನಾ ಅಲ್ಲಿಗ್ ಬತ್ತಿಲ್ಲೆ."

ಊಟ ಬೇಡ ಅಂದ. ಸಿಟ್ಟು ಬರುತ್ತದೆ ಅವನ ಮೇಲೆ. ಅವನನ್ನು ಹಿಡಿದು ಎಬ್ಬಿಸುವಾಗ ಅಷ್ಟೇ ಪಾಪ ಅನಿಸುತ್ತದೆ. ಎರಡನ್ನೂ ಒಟ್ಟಿಗೆ ಹೊರಲು ನನ್ನಿಂದ ಆಗುತ್ತಿಲ್ಲ.

ಫೆಬ್ರವರಿ 1, ಶನಿ

ಬಿಳಿ ಶರ್ಟ್ ಕಪಾಟಿನೊಳಗೆ ಹೋಗಿದೆ. ಒಂದು ಕೈಯಲ್ಲಿ ಅವನೇ ಮಡಿಸಿಟ್ಟದ್ದು. ಮೂರು ದಿನದಿಂದ ಗಂಜಿಯೂ ಅರ್ಧ.

ಎಲ್ಲ ಪುಟ ಮತ್ತೆ ಮೊದಲಿನಿಂದ. ಅಳಿಸಿದ್ದನ್ನು ವಾಪಸ್ ತರುವ ಉಪಾಯ ಇಲ್ಲ, ಹೊಸತಾಗಿ ಸ್ಕ್ಯಾನ್ ಮಾಡಬೇಕು. ಪುಟ 9.

ಫೆಬ್ರವರಿ 3

ಪುಟ 40. ಶಾಲೆಗೆ ರಜೆ ಹಾಕಿದೆ. ಜ್ವರ ಅಂತ ಬರೆದೆ. ಸುಳ್ಳೂ ಅಲ್ಲ.

ಈಗ ಗೆರೆ ಓದಲು ಬರುತ್ತದೆ ನನಗೂ. ಬೂದ ಮೂವತ್ತನೇ ವಾರದಿಂದ ತೆಂಕಕ್ಕೆ ಹೋಗುತ್ತಲೇ ಇದ್ದಾನೆ. ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಯ ಪುಟದಲ್ಲಿ ತಾಳೆಮರ ಇಲ್ಲವೇ ಇಲ್ಲ, ಕೊಡಚಾದ್ರಿಯ ತುದಿ ಮಾತ್ರ ಒಂದು ಉಗುರಿನಷ್ಟು. ಅಷ್ಟು ದೂರ ಹೋಗಿಬಿಟ್ಟಿದ್ದ ಹುಡುಗ. ಅಪ್ಪಯ್ಯನ ಕಲ್ಪನೆ ಅಂತ ಹೊಗಳುವ ಭರದಲ್ಲಿ ಇದನ್ನು ನಾನು ಕಾಣಲೇ ಇಲ್ಲ.

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 7

ಹೊಸ ಫೈಲು, ಹೊಸ ಲೇಖನ, ಹೊಸ ಕವರ್ — ಮೂರೂ ಕಳಿಸಿದೆ. ಪೋಸ್ಟರುಗಳು: ಶೇಖರ. 'ಬೂದನ ದೋಣಿ', ಕತೆ ಮತ್ತು ಚಿತ್ರ: ಹೆರಿಯ ಮೊಗವೀರ. ಎರಡು ಹೆಸರು, ಒಂದೇ ಅಳತೆಯ ಅಕ್ಷರ. ಹೆರಿಯಣ್ಣನಿಗೂ ಫೋನ್ ಮಾಡಿದೆ. "ಹ್ಞೂಂ" ಅಂದರು, ಅಷ್ಟೇ.

ಮನೀಷ್ ಫೋನ್ ಮಾಡಿದ. "ಕವರ್ ಪ್ರಿಂಟಿಗ್ ಹೋಪುದಿತ್ತ್ ಟೀಚರ್... ಆಯ್ಲಿ. ನಿಲ್ಸ್ತೆ. ಶೇಖರಣ್ಣಂಗ್ ಗೊತ್ತಿತ್ತಾ?"

ಕವರಿನ ಪ್ರಿಂಟ್ ತೆಗೆದು ಅಪ್ಪಯ್ಯನ ಮಂಚದ ಪಕ್ಕ ಇಟ್ಟಿದ್ದೇನೆ. ಬಾಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು.

ಅದೇ ದಿನ. ಸಂಜೆ 5

ಪ್ರಿಂಟ್ ಇಟ್ಟಲ್ಲೇ ಇದೆ. ಮಗುಚಿ ಹಾಕಿದ್ದಾನೆ.

ಫೆಬ್ರವರಿ 9, ಭಾನುವಾರ. ಸಂಜೆ 4.30

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಚಾಕ್ಕೆ ನೀರಿಟ್ಟಿದೆ.

ನಾಲ್ಕು ಗಂಟೆಗೆ ಗೇಟಿನ ಹತ್ತಿರ "ಹ್ವಾಯ್, ಯಾರಿದ್ರ್?" ಹೆರಿಯಣ್ಣ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಕಾಣೆ ಮೀನು. ನಾನು ಕರೆದಿರಲಿಲ್ಲ. ಯಾರು ಹೇಳಿ ಕಳಿಸಿದರು ಅಂದರೆ, "ನಿಮ್ ಅಪ್ಪಯ್ಯ. ರತ್ನನ ಹತ್ರ ಹೇಳಿ ಕಳ್ಸಿರ್." ನಾನು ಶಾಲೆಯಲ್ಲಿದ್ದಾಗ ರತ್ನಕ್ಕ ಬಂದಿದ್ದಳಂತೆ. ನನಗೆ ಒಂದು ಮಾತು ಹೇಳಿಲ್ಲ ಇಬ್ಬರೂ.

ಒಳಗೆ ಹೋದರೆ ಅಪ್ಪಯ್ಯ ಬಿಳಿ ಶರ್ಟ್ ಹಾಕಿ ಕೂತಿದ್ದ. ಒಂದು ಗುಂಡಿ ತಪ್ಪಿತ್ತು. ಹೆರಿಯಣ್ಣ ಬಾಗಿಲಲ್ಲೇ ನಿಂತರು. ಮಗುಚಿ ಹಾಕಿದ ಪ್ರಿಂಟನ್ನು ಅಪ್ಪಯ್ಯ ಎಡಗೈಯಲ್ಲಿ ಎತ್ತಿ ನೆಟ್ಟಗೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ. ಹೆರಿಯಣ್ಣನ ಹೆಸರಿನ ಮೇಲೆ ಬೆರಳು.

ಆಮೇಲೆ ಕೇಳಿದ. ಮಾತು ತೊದಲುತ್ತಿತ್ತು, ಎರಡು ಸಲ ಹೇಳಬೇಕಾಯಿತು.

"ಹೆರಿಯ... ಆ ಹುಡ್ಗ ಎಂತ ಆದ?"

ಅಂದರೆ ಇವನಿಗೂ ಗೊತ್ತಿರಲಿಲ್ಲ. ಪ್ರತಿ ಗುರುವಾರ ನಾನು ಕೇಳಿದಾಗ 'ಕಾಂಬ, ಕಾಂಬ' ಅಂದದ್ದು ಗೊತ್ತಿಲ್ಲದೆ. ಮೂವತ್ತಾರು ವರ್ಷ.

ಹೆರಿಯಣ್ಣ ಮೀನಿನ ಚೀಲ ನನ್ನ ಕೈಗೆ ಕೊಟ್ಟರು. ಕುರ್ಚಿ ಎಳೆದುಕೊಂಡು ಅಪ್ಪಯ್ಯನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತರು. "ಹಗ್ಗ ಹರಿತಲ್ದಾ ಶೇಖರಣ್ಣ, ಆವತ್ ಬೆಳ್ಗೆ ಬೂದ ಮೊದ್ಲ್ ಮಾಡಿದ್ದ್..."

ನೀರು ಕುದಿಯಿತು. ಚಾ ಆಮೇಲೆ. ಅವರ ದನಿ ತಗ್ಗಿತು, ಇಲ್ಲಿಗೆ ಸರಿಯಾಗಿ ಕೇಳಿಸುತ್ತಿಲ್ಲ. ಡೈರಿ ಮುಚ್ಚಿ ಅಲ್ಲಿಗೇ ಹೋಗುತ್ತೇನೆ.